ಜ್ಞಾನವೇ ಆಸ್ತಿ ಎನ್ನುವವರು ಅದರ ದಾಸ್ತಾನು ಪುಸ್ತಕ ತೋರಿಸಲಿ

ಸಂಸ್ಥೆಗಳ ಮುಖ್ಯಸ್ಥರಿಗೆ, ಆಡಳಿತ ಮಂಡಳಿಗಳ ಸದಸ್ಯರಿಗೆ, ಮುಖ್ಯವಾಗಿ ಬಜೆಟ್ ಹಾಳೆಗೆ ಕೊನೆಯ ಸಹಿ ಹಾಕುವ ಹಣಕಾಸು ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ವಾರ್ಷಿಕ ವರದಿಯ ಮೊದಲ ಪುಟದಲ್ಲಿ ‘ಸಿಬ್ಬಂದಿಯ ಜ್ಞಾನವೇ ನಮ್ಮ ಬಹುದೊಡ್ಡ ಆಸ್ತಿ’ ಎಂಬ ಸಾಲು ತಪ್ಪದೆ ಇರುತ್ತದೆ. ಅದೇ ವರದಿಯ ಹಿಂದಿನ ಪುಟಗಳಿಗೆ ಹೋದರೆ ಕುರ್ಚಿ, ಮೇಜು, ಜನರೇಟರುಗಳಿಗೆಲ್ಲ ಸವಕಳಿಯ ಲೆಕ್ಕವಿದೆ. ಮೂಲೆಯ ಪ್ರಿಂಟರಿಗೂ ಒಂದು ಆಸ್ತಿ ಸಂಖ್ಯೆ ಅಂಟಿಸಿದೆ, ಕೆಟ್ಟರೆ ಯಾರನ್ನು ಕೇಳಬೇಕೆಂದು ಗೊತ್ತಿದೆ, ರಿಪೇರಿಗೆ ಹಣ ತೆಗೆದಿಟ್ಟಿದೆ. ಬಹುದೊಡ್ಡ ಆಸ್ತಿಗೆ ಮಾತ್ರ ಇದಾವುದೂ ಇಲ್ಲ. ಎಷ್ಟಿದೆ, ಯಾರ ಬಳಿ ಇದೆ, ಕಳೆದ ವರ್ಷ ಎಷ್ಟು ಸೋರಿತು ಎಂದು ಕೇಳಿದರೆ ಮುಂದಿಡಲು ಒಂದು ಹಾಳೆಯೂ ಹೆಚ್ಚಿನ ಕಡೆ ಸಿಗುವುದಿಲ್ಲ. ಆ ಹಾಳೆಯನ್ನು ಮಾಡುವುದು ಹೇಗೆ, ಮಾಡಲು ಹೊರಟವರು ಎಡವುವುದೆಲ್ಲಿ ಎಂದು ತಿಳಿಸಲು ಈ ಪತ್ರ.

ಮೊದಲು ಲೆಕ್ಕಪತ್ರದ ವಿಷಯ. ಅಮೂರ್ತ, ಅಂದರೆ ಮುಟ್ಟಲು ಸಿಗದ, ಆಸ್ತಿಗಳ ಲೆಕ್ಕ ಇಡುವ ಅಂತಾರಾಷ್ಟ್ರೀಯ ಮಾನದಂಡವಾದ ಐಎಎಸ್ 38 ಹೇಳುವಂತೆ, ಆಸ್ತಿ ಎನಿಸಿಕೊಳ್ಳಬೇಕಾದರೆ ಅದರ ಮೇಲೆ ಸಂಸ್ಥೆಗೆ ನಿಯಂತ್ರಣ ಇರಬೇಕು. ನೌಕರ ರಾಜೀನಾಮೆ ಕೊಟ್ಟು ಹೋಗಬಹುದು, ಹೀಗಾಗಿ ಅವನ ಕೌಶಲ ಸಾಮಾನ್ಯವಾಗಿ ಬ್ಯಾಲೆನ್ಸ್ ಶೀಟಿಗೆ ಬರುವುದಿಲ್ಲ. ತರಬೇತಿಯ ಹಣ ಆ ವರ್ಷದ ಖರ್ಚು. ಸಂಶೋಧನೆಯ ಹಂತದ ಹಣವೂ ಖರ್ಚೇ. ಅಭಿವೃದ್ಧಿಯ ಹಂತಕ್ಕೆ ಬಂದ ಮೇಲೆ ಕೆಲವು ಷರತ್ತುಗಳು ಪೂರೈಸಿದರೆ ಮಾತ್ರ ಅದನ್ನು ಆಸ್ತಿಯಾಗಿ ತೋರಿಸಬಹುದು. ಹೂಡಿಕೆದಾರರಿಗೆ ಉಬ್ಬಿಸಿದ ಲೆಕ್ಕ ಹೋಗಬಾರದೆಂಬ ಕಾರಣಕ್ಕೆ ಈ ಬಿಗಿ ಇದೆ, ಅದರಲ್ಲಿ ನಮ್ಮ ತಕರಾರಿಲ್ಲ. ಹೊರಗಿನವರಿಗಾಗಿ ಮಾಡಿದ ಈ ನಿಯಮವನ್ನೇ ಒಳಗಿನ ತೀರ್ಮಾನಗಳಿಗೂ ಹಚ್ಚುತ್ತೀರಲ್ಲ, ಅದಕ್ಕೆ ತಕರಾರು. ಬಿಗಿಯಾದ ವರ್ಷ ಬಂದರೆ ಮೊದಲು ಕತ್ತರಿ ಬೀಳುವುದು ತರಬೇತಿಗೆ, ಹಳಬ ಹೊರಡುವ ಮೊದಲೇ ಹೊಸಬನನ್ನು ಜೊತೆಗಿಡುವ ಎರಡು ತಿಂಗಳಿಗೆ, ಕೆಲಸದ ವಿಧಾನ ಬರೆದಿಡಲು ಬೇಕಾದ ಗಂಟೆಗಳಿಗೆ. ಉಳಿತಾಯ ಇದೇ ತ್ರೈಮಾಸಿಕದಲ್ಲಿ ಕಾಣುತ್ತದೆ. ನಷ್ಟ ಎರಡು ವರ್ಷ ಬಿಟ್ಟು, ಬೇರೊಂದು ಇಲಾಖೆಯ ತಲೆಯ ಮೇಲೆ, ‘ಮರುಕೆಲಸ’, ‘ವಿಳಂಬ’, ‘ಗ್ರಾಹಕರ ದೂರು’ ಎಂಬ ಬೇರೆ ಹೆಸರುಗಳಲ್ಲಿ ಬಂದು ಕೂರುತ್ತದೆ. ಎರಡನ್ನೂ ಒಂದೇ ಕಾಗದದ ಮೇಲೆ ನೋಡುವವರು ಯಾರೂ ಇರುವುದಿಲ್ಲ.

ಜ್ಞಾನ ವಿಚಿತ್ರವಾದ ಸರಕು. ಕಳ್ಳ ಕದಿಯಲಾರ, ಅರಸ ಕಸಿಯಲಾರ, ಅಣ್ಣತಮ್ಮಂದಿರು ಪಾಲು ಕೇಳಲಾರರು, ಕೊಟ್ಟಷ್ಟೂ ಹೆಚ್ಚುವುದು ಎಂದು ಸುಭಾಷಿತ ಹೊಗಳಿದ್ದು ಕಲಿತವನ ಕಡೆಯಿಂದ ನೋಡಿ. ಸಂಸ್ಥೆಯ ಕಡೆಯಿಂದ ನೋಡಿದರೆ ಅದೇ ಗುಣ ತಲೆನೋವು, ಏಕೆಂದರೆ ಸಂಬಳ ಕೊಟ್ಟ ಸಂಸ್ಥೆಯೂ ಅದನ್ನು ಕಸಿದಿಟ್ಟುಕೊಳ್ಳಲಾರದು. ಕೊಟ್ಟರೆ ಮುಗಿಯದು ಎಂಬುದನ್ನು ಅರ್ಥಶಾಸ್ತ್ರದ ಲೆಕ್ಕಕ್ಕೆ ಗಟ್ಟಿಯಾಗಿ ತಂದವರು ಪಾಲ್ ರೋಮರ್. 1990ರ ಅವರ ಪ್ರಬಂಧದ ತಿರುಳು ಇಷ್ಟು: ಒಂದು ಯಂತ್ರವನ್ನು ಒಬ್ಬ ಬಳಸುತ್ತಿದ್ದರೆ ಇನ್ನೊಬ್ಬನಿಗೆ ಸಿಗದು, ಒಂದು ವಿಧಾನವನ್ನು ಸಾವಿರ ಜನ ಒಟ್ಟಿಗೆ ಬಳಸಬಹುದು. 2018ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂದದ್ದು ಈ ಜಾಡಿನ ಕೆಲಸಕ್ಕೆ.

ಇಷ್ಟನ್ನೇ ಓದಿದ ಆಡಳಿತಗಾರರು ಒಂದು ದೊಡ್ಡ ತಪ್ಪು ಮಾಡುತ್ತಾರೆ. ನಕಲು ಮಾಡಲು ಖರ್ಚಿಲ್ಲ ಎಂದಮೇಲೆ ದಾಟಿಸಲೂ ಖರ್ಚಿಲ್ಲ ಎಂದುಕೊಳ್ಳುತ್ತಾರೆ. ಕಡತದಲ್ಲಿರುವ ಜ್ಞಾನ ಬೇರೆ, ಕೈಯಲ್ಲಿರುವ ಜ್ಞಾನ ಬೇರೆ. ಬ್ರಿಟನ್ನಿನ ಪ್ರಯೋಗಾಲಯಗಳಲ್ಲಿ ಒಂದು ಬಗೆಯ ಅನಿಲ ಲೇಸರ್ ಕಟ್ಟಲು ಹೊರಟವರನ್ನು ಹ್ಯಾರಿ ಕಾಲಿನ್ಸ್ ಎಂಬ ಸಮಾಜಶಾಸ್ತ್ರಜ್ಞ ಅಧ್ಯಯನ ಮಾಡಿ 1974ರಲ್ಲಿ ಪ್ರಕಟಿಸಿದರು. ಪ್ರಕಟಿತ ಲೇಖನವನ್ನಷ್ಟೇ ನೆಚ್ಚಿಕೊಂಡ ಯಾರಿಗೂ ಲೇಸರ್ ಕೆಲಸ ಮಾಡಲಿಲ್ಲ. ಮಾಡಿ ಗೆದ್ದವರೊಂದಿಗೆ ನೇರ ಒಡನಾಟ ಇದ್ದವರಿಗೆ ಮಾತ್ರ ಕೈಗೂಡಿತು. ಅವರೆಲ್ಲ ವಿಜ್ಞಾನಿಗಳು, ಲೇಖನ ಓದಲು ಬಾರದವರೇನಲ್ಲ. ಆದರೂ ಕಾಗದದ ಮೇಲಿದ್ದದ್ದು ಪುಸ್ತಕದ ಬದನೆಕಾಯಿಯಾಗಿಯೇ ಉಳಿಯಿತು.

ಹೀಗಾಗಿ ಜ್ಞಾನ ಎಂಬ ಒಂದೇ ಹೆಸರಿನಡಿ ನಿಮ್ಮ ಸಂಸ್ಥೆಯಲ್ಲಿ ಎರಡು ಸಂಪನ್ಮೂಲಗಳಿವೆ. ಒಂದು, ವಿಧಾನ: ಹಂಚಿದರೆ ಕರಗದು, ಅದಕ್ಕೆ ಒಳಗಡೆ ಬೆಲೆ ಕಟ್ಟಬಾರದು. ಇನ್ನೊಂದು, ಅದನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುವ ಗಂಟೆಗಳು: ಇವು ಖರ್ಚಾದರೆ ಮುಗಿದವು, ಇವಕ್ಕೆ ಬೆಲೆ ಕಟ್ಟಲೇಬೇಕು. ಹೆಚ್ಚಿನ ಸಂಸ್ಥೆಗಳು ಇದನ್ನು ತಿರುಗುಮುರುಗು ಮಾಡಿಕೊಂಡಿವೆ. ವಿಧಾನದ ಕಡತಗಳಿಗೆ ಇಲಾಖೆವಾರು ಬೀಗ ಹಾಕಿ, ಕಲಿಸುವವನ ಗಂಟೆಗಳನ್ನು ಪುಕ್ಕಟೆ ಎಂದುಕೊಂಡಿವೆ.

ಸವಕಳಿಗೂ ಬರೋಣ. 1936ರಲ್ಲಿ ಟಿ. ಪಿ. ರೈಟ್ ಎಂಬ ಅಮೆರಿಕದ ಎಂಜಿನಿಯರ್ ವಿಮಾನ ತಯಾರಿಕೆಯ ಅಂಕಿ ನೋಡಿ ಒಂದು ನಿಯಮ ಹೇಳಿದರು: ಒಟ್ಟು ತಯಾರಾದ ಸಂಖ್ಯೆ ದುಪ್ಪಟ್ಟಾದಾಗಲೆಲ್ಲ ಒಂದು ವಿಮಾನಕ್ಕೆ ತಗಲುವ ದುಡಿಮೆ ಸುಮಾರು ಶೇ 20ರಷ್ಟು ಇಳಿಯುತ್ತದೆ. ಈ ಇಳಿಯುವ ಗೆರೆಯನ್ನು ಎಲ್ಲ ಮ್ಯಾನೇಜರುಗಳೂ ಬಲ್ಲರು, ಬೆಲೆ ಕೂಗುವಾಗ ಬಳಸುತ್ತಾರೆ ಕೂಡ. ಅದು ವಾಪಸ್ ಏರುತ್ತದೆ ಎಂಬುದನ್ನು ಮರೆಯುತ್ತಾರೆ. ಲಾಕ್‌ಹೀಡ್ ಕಂಪನಿಯ ಟ್ರೈಸ್ಟಾರ್ ವಿಮಾನದ ಅಂಕಿ-ಅಂಶಗಳ ಮೇಲೆ 2000ದಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದಂತೆ, ಉತ್ಪಾದನೆ ಇಳಿಸಿ ಮತ್ತೆ ಏರಿಸಿದಾಗ ಒಂದೊಂದು ವಿಮಾನಕ್ಕೆ ಹಿಡಿಯುವ ದುಡಿಮೆಯೂ ಏರಿತ್ತು. ಕಲಿತದ್ದು ಮಾಡದೆ ಬಿಟ್ಟರೆ ಸವೆಯುತ್ತದೆ, ಕಲಿತವರು ಹೋದರಂತೂ ಇನ್ನೂ ಬೇಗ.

ಇದರ ತುತ್ತತುದಿಯ ಉದಾಹರಣೆ ಅಮೆರಿಕದ ಪರಮಾಣು ಸಿಡಿತಲೆಗಳಲ್ಲಿ ಬಳಸುವ, ‘ಫಾಗ್‌ಬ್ಯಾಂಕ್’ ಎಂಬ ಗುಪ್ತನಾಮದ ವಸ್ತು. 1980ರ ದಶಕದ ಕೊನೆಗೆ ಅದರ ತಯಾರಿಕೆ ನಿಂತಿತು. ಹಳೆಯ ಸಿಡಿತಲೆಗಳನ್ನು ನವೀಕರಿಸಲು ಮತ್ತೆ ಬೇಕಾದಾಗ, ದಾಖಲೆ ಇದ್ದದ್ದು ಅತ್ಯಲ್ಪ, ಬಲ್ಲವರಲ್ಲಿ ಬಹುತೇಕರು ನಿವೃತ್ತರಾಗಿದ್ದರು ಇಲ್ಲವೇ ಬಿಟ್ಟುಹೋಗಿದ್ದರು ಎಂದು ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿ 2009ರಲ್ಲಿ ವರದಿ ಮಾಡಿತು. ಕನಿಷ್ಠ ಒಂದು ವರ್ಷ ತಡವಾಯಿತು, ಕೋಟಿಗಟ್ಟಲೆ ಡಾಲರ್ ಹೋಯಿತು. ಕೊನೆಗೆ ಸಿಕ್ಕ ಕಾರಣ ಪಾಠದಂತಿದೆ. ಹಳೆಯ ಕಚ್ಚಾವಸ್ತುವಿನಲ್ಲಿ ಒಂದು ಕಲ್ಮಶವಿತ್ತು, ಹೊಸ ಘಟಕದ ಉತ್ತಮ ಶುದ್ಧೀಕರಣ ಅದನ್ನು ತೆಗೆದುಹಾಕುತ್ತಿತ್ತು, ವಸ್ತು ಸರಿಯಾಗಿ ಬರಲು ಬೇಕಿದ್ದದ್ದು ಆ ಕಲ್ಮಶವೇ. ಹಿಂದೆ ಮಾಡುತ್ತಿದ್ದವರಿಗೂ ಅದು ತಿಳಿದಿರಲಿಲ್ಲ. ಕೆಲಸ ನಡೆಯುತ್ತಿರುವಾಗ ಯಾವುದು ಮುಖ್ಯ ಎಂದು ಯಾರಿಗೂ ಗೊತ್ತಿಲ್ಲದಿರಬಹುದು. ‘ಗೊತ್ತಿರುವುದನ್ನೆಲ್ಲ ಬರೆದುಕೊಡಿ’ ಎಂಬ ಆದೇಶಕ್ಕೆ ಇರುವ ಮಿತಿ ಇದೇ.

ಇನ್ನು ದಾಸ್ತಾನು. ‘ನಮ್ಮಲ್ಲಿರುವ ಜ್ಞಾನವೆಲ್ಲ’ ಎಂದು ಪಟ್ಟಿ ಮಾಡಲು ಹೊರಟ ಯೋಜನೆಗಳು ಆರು ತಿಂಗಳಲ್ಲಿ ಸಾಯುತ್ತವೆ. ಜ್ಞಾನವನ್ನು ಪಟ್ಟಿ ಮಾಡಬೇಡಿ, ಕೆಲಸಗಳನ್ನು ಪಟ್ಟಿ ಮಾಡಿ. ಒಂದು ವಿಭಾಗಕ್ಕೆ 30ರಿಂದ 40 ಕೆಲಸ ಸಾಕು, ಒಂದೊಂದೂ ಕ್ರಿಯಾಪದದಿಂದ ಮುಗಿಯಬೇಕು: ‘ತಿಂಗಳ ಕೊನೆಯ ಲೆಕ್ಕ ತಾಳೆ ನೋಡುವುದು’, ‘ಸರ್ವರ್ ಬಿದ್ದಾಗ ಬ್ಯಾಕಪ್ಪಿನಿಂದ ಎಬ್ಬಿಸುವುದು’. ‘ಹಣಕಾಸು ಪರಿಣತಿ’ ಎಂದು ಬರೆದರೆ ಅದರಿಂದ ಏನೂ ತಿಳಿಯುವುದಿಲ್ಲ. ಪ್ರತಿ ಕೆಲಸದ ಮುಂದೆ ಜನರ ಹೆಸರು, ಹೆಸರಿನ ಮುಂದೆ 0ಯಿಂದ 3ರವರೆಗೆ ಅಂಕ. 0 ಎಂದರೆ ಬಾರದು. 1, ಪಕ್ಕದಲ್ಲಿ ಯಾರಾದರೂ ಇದ್ದರೆ ಮಾಡಬಲ್ಲ. 2, ಎಲ್ಲ ಸರಿಯಿದ್ದ ದಿನ ಒಬ್ಬನೇ ಮಾಡಬಲ್ಲ. 3, ಕೆಟ್ಟ ದಿನವೂ ಮಾಡಬಲ್ಲ, ಕಲಿಸಲೂ ಬಲ್ಲ. ಜೊತೆಗೆ ಆ ಕೆಲಸ ಕೊನೆಯ ಸಲ ಯಾವಾಗ ನಡೆಯಿತು ಎಂಬ ತಾರೀಖು. ವರ್ಷಕ್ಕೊಮ್ಮೆ ಬರುವ ಕೆಲಸಗಳಲ್ಲೇ ಮರೆವು ಹೆಚ್ಚು. ಅಂಕವನ್ನು ಆಯಾ ವ್ಯಕ್ತಿಯನ್ನೊಬ್ಬನನ್ನೇ ಕೇಳಿ ಹಾಕಬೇಡಿ. ಹೊಸಬರು ತಮಗೆ 2 ಕೊಟ್ಟುಕೊಳ್ಳುತ್ತಾರೆ, ನಿಜವಾಗಿ ಬಲ್ಲವರೂ ಎಷ್ಟೋ ಸಲ 2 ಎಂದೇ ಬರೆಯುತ್ತಾರೆ. ‘ಈ ಕೆಲಸ ಸಿಕ್ಕಿಬಿದ್ದರೆ ಯಾರನ್ನು ಕೇಳುತ್ತೀರಿ?’ ಎಂದು ಸುತ್ತಲಿನ ಮೂವರನ್ನು ಕೇಳಿ. ಮೂವರೂ ಒಂದೇ ಹೆಸರು ಹೇಳಿದರೆ ನಿಮ್ಮ ಅಪಾಯ ಎಲ್ಲಿದೆ ಎಂದು ತಿಳಿದಂತಾಯಿತು. ಇಡೀ ಹಾಳೆಯಲ್ಲಿ ಮೊದಲು ನೋಡಬೇಕಾದದ್ದು, ಒಂದೇ ಒಂದು 3 ಇರುವ ಸಾಲುಗಳು ಎಷ್ಟು ಎಂಬುದನ್ನು. ಒಂದು ವಿಭಾಗಕ್ಕೆ ಈ ಕೆಲಸ ಎರಡು ದಿನದ್ದು, ಹೆಚ್ಚೆಂದರೆ ಮೂರು.

ಯಾವ ಸಾಲನ್ನು ಮೊದಲು ಹಿಡಿಯಬೇಕು ಎನ್ನುವುದಕ್ಕೆ ಅಮೆರಿಕದ ಸರ್ಕಾರಿ ವಿದ್ಯುತ್ ಸಂಸ್ಥೆಯಾದ ಟೆನೆಸೀ ಕಣಿವೆ ಪ್ರಾಧಿಕಾರ ಬಳಸಿದ ಲೆಕ್ಕ ಸರಳ, ಇಂದಿಗೂ ಒಳ್ಳೆಯದು. ಆ ವ್ಯಕ್ತಿ ಎಷ್ಟು ಬೇಗ ಹೊರಡಬಹುದು ಎಂಬುದಕ್ಕೆ 1ರಿಂದ 5, ಅವನ ಸ್ಥಾನ ತುಂಬುವುದು ಎಷ್ಟು ಕಷ್ಟ ಎಂಬುದಕ್ಕೆ 1ರಿಂದ 5. ಎರಡನ್ನೂ ಗುಣಿಸಿದರೆ 20 ಅಥವಾ ಮೇಲೆ ಬಂದವರ ವಿಷಯದಲ್ಲಿ ಕೂಡಲೇ ಕೆಲಸ ಶುರುವಾಗಬೇಕು. ಒಂದು ಎಚ್ಚರಿಕೆ ನಮ್ಮದು: ಮೊದಲ ಅಂಕವನ್ನು ನಿವೃತ್ತಿಯ ವಯಸ್ಸಿಗಷ್ಟೇ ಕಟ್ಟಿಹಾಕಬೇಡಿ. ಮೂವತ್ತೈದರ ಜಾಣ ಸಿಬ್ಬಂದಿಗೆ ಬರುವ ಹೊರಗಿನ ಕರೆ ನಿಮ್ಮ ಪಟ್ಟಿ ನೋಡಿಕೊಂಡು ಬರುವುದಿಲ್ಲ.

ಈಗ ಹಸ್ತಾಂತರ, ಹಣ ಹೆಚ್ಚು ಪೋಲಾಗುವುದು ಇಲ್ಲೇ. ನೋಟಿಸ್ ಪೀರಿಯಡ್ಡಿನ ಕೊನೆಯ ವಾರ ಮಾನವ ಸಂಪನ್ಮೂಲ ವಿಭಾಗದವರು ಒಂದು ಫಾರಂ ಹಿಡಿದು ಬರುತ್ತಾರೆ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಅಂಕ 20 ಅಥವಾ ಮೇಲಿರುವವರ ಕೆಲಸಕ್ಕೆ ಕನಿಷ್ಠ ಎಂಟು ವಾರ ಬೇಕು, ಕ್ರಮವೂ ಮುಖ್ಯ. ಮೊದಲ ಎರಡು ವಾರ ಮಾತುಕತೆ: ತಲಾ ತೊಂಬತ್ತು ನಿಮಿಷ ಮೀರದ ಐದಾರು ಕೂಟ, ಕೇಳುವವನು ಮುಂದೆ ಆ ಕೆಲಸ ಮಾಡುವವನೇ ಆಗಿರಬೇಕು. ‘ನಿಮ್ಮ ಕೆಲಸದ ಬಗ್ಗೆ ಹೇಳಿ’ ಎಂದರೆ ಕೈಪಿಡಿಯಲ್ಲಿರುವುದನ್ನೇ ಹೇಳುತ್ತಾರೆ. ‘ಕಳೆದ ಸಲ ಇದು ಕೆಟ್ಟಾಗ ಮೊದಲು ಏನನ್ನು ನೋಡಿದಿರಿ? ಏನನ್ನು ನಂಬಲಿಲ್ಲ? ನಿಯಮ ಬಿಟ್ಟು ಮಾಡಿದ್ದೇನು, ಯಾಕೆ? ಯಾರಿಗೆ ಫೋನ್ ಮಾಡಿದಿರಿ?’ ಎಂದು ಘಟನೆ ಹಿಡಿದು ಕೇಳಬೇಕು. ಹತ್ತು ಕೆಟ್ಟ ದಿನಗಳ ವಿವರ ಸಿಕ್ಕರೆ ಕೆಲಸದ ಬಹುಪಾಲು ಸಿಕ್ಕಂತೆ. ಒಂದು ಗಂಟೆಯ ಮಾತನ್ನು ಬಳಸುವ ಹಾಗೆ ಬರೆಯಲು ಎರಡರಿಂದ ಮೂರು ಗಂಟೆ ಹಿಡಿಯುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ನಂತರದ ಮೂರು ವಾರ ಹಳಬ ಮಾಡುತ್ತಾನೆ, ಹೊಸಬ ನೋಡಿ ಬರೆದುಕೊಳ್ಳುತ್ತಾನೆ. ಆಮೇಲೆ ಅದಲುಬದಲು: ಹೊಸಬ ಮಾಡುತ್ತಾನೆ, ಹಳಬ ಪಕ್ಕದಲ್ಲಿ ಕೂರುತ್ತಾನೆ, ಕೇಳಿದರೆ ಮಾತ್ರ ಬಾಯಿ ಬಿಡುತ್ತಾನೆ. ಈ ಮೂರನೆಯ ಹಂತವನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಏಕೆಂದರೆ ನಿಧಾನವಾಗುತ್ತದೆ, ಬಲ್ಲವನಿಗೆ ಕೈ ತುರಿಸುತ್ತದೆ. ಆದರೆ ಬರೆದದ್ದರಲ್ಲಿ ಏನು ಬಿಟ್ಟುಹೋಗಿದೆ ಎಂದು ತಿಳಿಯುವುದು ಇಲ್ಲಿ ಮಾತ್ರ. ಕೊನೆಗೆ ಇಬ್ಬರೂ ಅಲ್ಲದ ಮೂರನೆಯವರೊಬ್ಬರು ಆ ಬರಹ ಹಿಡಿದು ಒಂದು ಸಲ ಮಾಡಿ ನೋಡಲಿ. ಎಲ್ಲಿ ನಿಂತರೋ ಅಲ್ಲಿ ಒಂದು ಸಾಲು ಸೇರಿಸಿ.

ಖರ್ಚು ಕೇಳುತ್ತೀರಿ. ಎಂಟು ವಾರ ಹೊಸಬನ ಅರ್ಧ ಸಮಯ ಎಂದರೆ 160 ಗಂಟೆ, ಹಳಬನ ಕಾಲುಭಾಗ ಎಂದರೆ 80, ಒಟ್ಟು 240. ಹಸ್ತಾಂತರ ಇಲ್ಲದೆ ಹೊಸಬ ನಾಲ್ಕು ತಿಂಗಳ ಬದಲು ಒಂಬತ್ತು ತಿಂಗಳಿಗೆ ಕುದುರಿಕೊಂಡ ಎಂದುಕೊಳ್ಳಿ. ಆ ಹೆಚ್ಚುವರಿ ಐದು ತಿಂಗಳು ಅರ್ಧ ದಕ್ಷತೆಯಲ್ಲಿ ನಡೆದರೆ ತಿಂಗಳಿಗೆ 160 ಗಂಟೆಯಂತೆ 400 ಗಂಟೆ ನಷ್ಟ. ಅವನು ಮಾಡುವ ತಪ್ಪುಗಳನ್ನು ಇದಕ್ಕೆ ಸೇರಿಸಿಲ್ಲ. ನಿಮ್ಮ ಸಂಸ್ಥೆಯ ತಿಂಗಳುಗಳನ್ನು ಹಾಕಿ ನೀವೇ ಗುಣಿಸಿ ನೋಡಿ. ಕೆಲವು ಕೆಲಸಗಳಿಗೆ ಹಸ್ತಾಂತರವೇ ದುಬಾರಿ ಎಂದು ಬರುತ್ತದೆ, ಅಂಥವನ್ನು ಬಿಟ್ಟುಬಿಡಿ. ಎಲ್ಲ ಜ್ಞಾನವೂ ಉಳಿಸಿಕೊಳ್ಳಲು ಯೋಗ್ಯ ಎಂದು ನಾವು ಹೇಳುತ್ತಿಲ್ಲ.

ವಿಡಿಯೊ ಮಾಡಿಟ್ಟರೆ ಸಾಲದೇ ಎಂದು ಕೇಳುವವರಿದ್ದಾರೆ. ಮೂರು ಗಂಟೆಯ ವಿಡಿಯೊವನ್ನು ತೊಂದರೆಯಲ್ಲಿರುವವನು ತೆರೆಯುವುದಿಲ್ಲ. ಐದಾರು ನಿಮಿಷದ ತುಂಡುಗಳಾಗಿ ಕತ್ತರಿಸಿ, ಹೆಸರನ್ನು ರೋಗಲಕ್ಷಣದಿಂದ ಇಡಿ: ‘ವರದಿಯ ಮೊತ್ತ ಎರಡು ಕಡೆ ಬೇರೆ ಬೇರೆ ಬಂದಾಗ’. ಇಲಾಖೆಯ ಹೆಸರು, ಆವೃತ್ತಿಯ ಸಂಖ್ಯೆ ಇಟ್ಟ ಕಡತವನ್ನು ಹುಡುಕಬಲ್ಲವನು ಅದನ್ನು ಮಾಡಿದವನೊಬ್ಬನೇ.

ತಂತ್ರಾಂಶದ ಮಾತು ಚಿಕ್ಕದಾಗಿ ಮುಗಿಸೋಣ, ಏಕೆಂದರೆ ಇದರ ಮೇಲೆ ಈಗಾಗಲೇ ಬೇಕಾದಷ್ಟು ಹಣ ಹೋಗಿದೆ. ಗಂಟೆಗಳನ್ನು ಕೊಡದೆ ತಂತ್ರಾಂಶ ಕೊಳ್ಳುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಪ್ರತಿ ಪುಟಕ್ಕೂ ಒಬ್ಬ ಒಡೆಯ, ಒಂದು ಮರುಪರಿಶೀಲನೆಯ ತಾರೀಖು ಇರಲಿ. ತಾರೀಖು ದಾಟಿದರೆ ಪುಟದ ತಲೆಯ ಮೇಲೆ ‘ಪರಿಶೀಲಿಸಿಲ್ಲ’ ಎಂದು ತಾನಾಗಿ ಬೀಳಲಿ, ಇನ್ನೂ ಆರು ತಿಂಗಳು ಯಾರೂ ಮುಟ್ಟದಿದ್ದರೆ ಹುಡುಕಾಟದಿಂದಲೇ ಹೊರಗೆ ಹೋಗಲಿ. ಒಡೆಯ ಬಿಟ್ಟುಹೋದ ದಿನ ಅವನ ಪುಟಗಳು ಮೇಲಧಿಕಾರಿಯ ಹೆಸರಿಗೆ ಬರಬೇಕು, ಅನಾಥವಾಗಬಾರದು. ಕಡತಗಳ ಮೇಲೆ ಎಐ ಸಹಾಯಕನನ್ನು ಕೂರಿಸಿದ ಮೇಲೆ ಈ ಶಿಸ್ತು ಇನ್ನೂ ಅಗತ್ಯ. ಮನುಷ್ಯ ಹುಡುಕುವಾಗ ಹಳೆಯ ತಾರೀಖು ಕಂಡು ಅನುಮಾನ ಪಡುತ್ತಾನೆ. ಯಂತ್ರವಾದರೆ ಒಂದಕ್ಕೊಂದು ತಾಳೆಯಾಗದ ಎರಡು ಸುತ್ತೋಲೆಗಳನ್ನು ಬೆರೆಸಿ, ತಡವರಿಸದೆ ಉತ್ತರ ಕೊಟ್ಟುಬಿಡಬಹುದು.

ಜನ ಹಂಚಿಕೊಳ್ಳುವುದಿಲ್ಲ ಎಂಬುದು ನಿಮ್ಮ ದೊಡ್ಡ ದೂರು. ಗೇಬ್ರಿಯಲ್ ಶುಲಾನ್ಸ್ಕಿ ಎಂಬ ನಿರ್ವಹಣಾಶಾಸ್ತ್ರದ ಸಂಶೋಧಕ 1996ರಲ್ಲಿ 8 ಕಂಪನಿಗಳೊಳಗಿನ 122 ವಿಧಾನಗಳ ವರ್ಗಾವಣೆಯನ್ನು ಪರೀಕ್ಷಿಸಿ ಕಂಡದ್ದು ಬೇರೆ. ಮನಸ್ಸಿಲ್ಲದಿರುವುದಕ್ಕಿಂತ ದೊಡ್ಡ ಅಡ್ಡಿಗಳು ಮೂರು: ತೆಗೆದುಕೊಳ್ಳುವವರಿಗೆ ಅದನ್ನು ಅರಗಿಸಿಕೊಳ್ಳುವ ಹಿನ್ನೆಲೆ ಇಲ್ಲದಿರುವುದು, ಆ ವಿಧಾನ ಯಾಕೆ ಫಲ ಕೊಡುತ್ತದೆ ಎಂದು ಕೊಡುವವರಿಗೇ ಸ್ಪಷ್ಟವಿಲ್ಲದಿರುವುದು, ಇಬ್ಬರ ನಡುವಿನ ಸಂಬಂಧ ಕಷ್ಟದ್ದಾಗಿರುವುದು. ಆದರೆ ಬಹುಮಾನ, ಪ್ರಶಸ್ತಿ, ಭಾಷಣ ಎಲ್ಲ ಕೊಡುವವರ ಕಡೆಗೇ ಹೋಗುತ್ತವೆ. ಕಲಿಯುವವನ ಟೈಮ್‌ಶೀಟಿನಲ್ಲಿ ‘ಕಲಿಕೆ’ ಎಂಬ ಕಾಲಂ ಸಹ ಇರುವುದಿಲ್ಲ.

ಮನಸ್ಸಿಲ್ಲದವರೂ ಇದ್ದಾರೆ, ನಿಜ. ಅವರನ್ನು ಬೈಯುವ ಮೊದಲು ನಿಮ್ಮ ಮೌಲ್ಯಮಾಪನ ಪದ್ಧತಿ ನೋಡಿಕೊಳ್ಳಿ. ಒಂದೇ ತಂಡದ ಹತ್ತು ಜನರನ್ನು ಒಬ್ಬರ ಮೇಲೊಬ್ಬರಂತೆ ಸಾಲಾಗಿ ನಿಲ್ಲಿಸಿ ಬೋನಸ್ ಹಂಚುವಲ್ಲಿ, ತನ್ನ ಗುಟ್ಟನ್ನು ಪಕ್ಕದವನಿಗೆ ಹೇಳಿಕೊಡುವವನು ತನ್ನ ಸಂಬಳವನ್ನೇ ಕಡಿಮೆ ಮಾಡಿಕೊಂಡಂತೆ. ಅಪ್‌ಲೋಡಿಗೆ ಇಂತಿಷ್ಟು ಅಂಕ ಎಂಬ ಯೋಜನೆ ಇನ್ನೂ ಕೆಟ್ಟದ್ದು. ಮೂರು ತಿಂಗಳಲ್ಲಿ ಕಸದ ರಾಶಿ ಬೆಳೆಯುತ್ತದೆ, ಹುಡುಕುವವನು ಬೇಸತ್ತು ಮತ್ತೆ ಬರುವುದಿಲ್ಲ. ಜೆರಾಕ್ಸ್ ಕಂಪನಿಯ ದುರಸ್ತಿಗಾರರ ‘ಯುರೇಕಾ’ ವ್ಯವಸ್ಥೆ ಬೇರೆ ದಾರಿ ಹಿಡಿಯಿತು. ಯಂತ್ರ ರಿಪೇರಿಯ ಉಪಾಯವನ್ನು ದುರಸ್ತಿಗಾರನೇ ಬರೆಯುತ್ತಿದ್ದ, ಅನುಭವಿ ಸಹೋದ್ಯೋಗಿಗಳು ಪರೀಕ್ಷಿಸಿ ಒಪ್ಪಿದರೆ ಅವನ ಹೆಸರಿನೊಂದಿಗೆ ಎಲ್ಲರಿಗೂ ಸೇರುತ್ತಿತ್ತು. ಸಮಾನರು ಪರೀಕ್ಷಿಸಿ ಒಪ್ಪಿದ ಹೆಸರಿಗೆ ಇರುವ ಬೆಲೆ ಅಂಕಕ್ಕಿಲ್ಲ.

ಸಂಪನ್ಮೂಲ ಎಂದಮೇಲೆ ಇಲಾಖೆಗಳು ಒಂದಕ್ಕೊಂದು ಬಿಲ್ ಹಾಕಲಿ ಎಂಬ ಸಲಹೆಯೂ ಹಣಕಾಸು ವಿಭಾಗದಿಂದ ಬರುವುದುಂಟು. ಹಾಗೆ ಮಾಡಬೇಡಿ. ಪ್ರಶ್ನೆ ಕೇಳಲು ದುಡ್ಡು ಬಿದ್ದರೆ ಮೊದಲು ನಿಲ್ಲುವುದು ಸಣ್ಣ ಪ್ರಶ್ನೆಗಳು. ಸಣ್ಣ ಪ್ರಶ್ನೆ ಕೇಳದವನು ದೊಡ್ಡ ತಪ್ಪು ಮಾಡಿಕೊಂಡು ಬರುತ್ತಾನೆ. ಅದರ ಬದಲು ಕೇಂದ್ರ ಬಜೆಟ್ಟಿನಿಂದ ಗಂಟೆಗಳ ಒಂದು ನಿಧಿ ತೆಗೆದಿಡಿ. ಹಾಳೆಯಲ್ಲಿ 3 ಅಂಕ ಇರುವವರ ಸಮಯದಲ್ಲಿ ಶೇ 10 ಆ ನಿಧಿಯಿಂದ ಅವರ ಇಲಾಖೆಗೆ ಮರುಪಾವತಿಯಾಗಲಿ. ಆಗ ‘ನಮ್ಮ ಹುಡುಗನ ಸಮಯ ಬೇರೆಯವರು ತಿನ್ನುತ್ತಿದ್ದಾರೆ’ ಎಂದು ಇಲಾಖೆಯ ಮುಖ್ಯಸ್ಥರು ಗೊಣಗುವ ಕಾರಣ ಹೋಗುತ್ತದೆ. ಕೇಳುವವರಿಗೆ ಉಚಿತ, ಕೊಡುವವರಿಗೆ ನಷ್ಟವಿಲ್ಲ.

ಅಳೆಯಲು ನಾಲ್ಕು ಅಂಕಿ ಸಾಕು. ಒಬ್ಬರನ್ನೇ ನೆಚ್ಚಿರುವ ಕೆಲಸಗಳು ಎಷ್ಟು, ಹೊಸಬ ಅಂಕ 2ಕ್ಕೆ ಏರಲು ಎಷ್ಟು ವಾರ, ಕಾರಣ ತಿಳಿದ ಮೇಲೂ ಮತ್ತೆ ಬಂದ ದೋಷಗಳು ಎಷ್ಟು, ತಾರೀಖು ದಾಟಿದ ಪುಟಗಳು ಶೇಕಡ ಎಷ್ಟು. ದಾಖಲೆಗಳ ಒಟ್ಟು ಸಂಖ್ಯೆ, ಲಾಗಿನ್ ಸಂಖ್ಯೆ ಇವನ್ನು ಮಂಡಳಿಯ ಮುಂದೆ ತರಲೇಬೇಡಿ, ಎರಡನ್ನೂ ಏರಿಸುವುದು ಸುಲಭ. ಗುಣಮಟ್ಟ ನಿರ್ವಹಣೆಯ ಅಂತಾರಾಷ್ಟ್ರೀಯ ಮಾನದಂಡವಾದ ಐಎಸ್ಒ 9001ರ 2015ರ ಆವೃತ್ತಿಯ 7.1.6ನೇ ಕಲಮು ಸಂಸ್ಥೆಯ ಜ್ಞಾನವನ್ನು ಗುರುತಿಸಿ, ಕಾಪಾಡಿ, ಬೇಕಾದವರಿಗೆ ಸಿಗುವಂತೆ ಇಡಬೇಕು ಎನ್ನುತ್ತದೆ. 2018ರಲ್ಲಿ ಜ್ಞಾನ ನಿರ್ವಹಣೆಗೆಂದೇ ಐಎಸ್ಒ 30401 ಎಂಬ ಪ್ರತ್ಯೇಕ ಮಾನದಂಡವೇ ಬಂದಿದೆ. ಆಡಿಟರ್ ಬಂದಾಗ ತೋರಿಸಲು ಒಂದು ಫೋಲ್ಡರ್ ಮಾಡಿಟ್ಟರೆ ಪ್ರಮಾಣಪತ್ರ ಸಿಗಬಹುದು. ಮೇಲಿನ ನಾಲ್ಕು ಅಂಕಿ ಅದರಿಂದ ಕದಲುವುದಿಲ್ಲ.

ನಮ್ಮ ಕೋರಿಕೆ ಮೂರು. ಮುಂದಿನ ಬಜೆಟ್ಟಿನಲ್ಲಿ ತರಬೇತಿಯಿಂದ ಬೇರೆಯಾಗಿ ‘ಹಸ್ತಾಂತರದ ಗಂಟೆಗಳು’ ಎಂಬ ಒಂದು ಸಾಲು ಇರಲಿ. ವರ್ಷದ ನಡುವೆ ಅದನ್ನು ಕತ್ತರಿಸಬೇಕಾದರೆ ಮಂಡಳಿಯ ಒಪ್ಪಿಗೆ ಬೇಕಾಗಲಿ. ಒಂದು ವಿಭಾಗವನ್ನು ಆರಿಸಿಕೊಂಡು ಕೆಲಸಗಳ ಹಾಳೆಯನ್ನು ಮುಂದಿನ ಮೂವತ್ತು ದಿನದಲ್ಲಿ ಮಾಡಿಸಿ, ಮೊದಲು ಹಣಕಾಸು ವಿಭಾಗದಲ್ಲೇ ಮಾಡಿಸಿದರೆ ಒಳ್ಳೆಯದು. ಒಂದೇ 3 ಇರುವ ಸಾಲುಗಳ ಸಂಖ್ಯೆಯನ್ನು ಮುಂದಿನ ತ್ರೈಮಾಸಿಕ ಸಭೆಯಲ್ಲಿ, ನಗದು ಹರಿವಿನ ಅಂಕಿ ಓದುವ ಹೊತ್ತಿನಲ್ಲೇ, ಗಟ್ಟಿಯಾಗಿ ಓದಿಸಿ.

ಇಂತಿ,
ಸಂಸ್ಥೆಗಳೊಳಗೆ ಜ್ಞಾನ ನಿರ್ವಹಣೆಯ ಕೆಲಸದಲ್ಲಿರುವವರು